ಬೀಗ ಹಾಕಿದ ಶೌಚಾಲಯಕ್ಕೆ ನೂರಕ್ಕೆ ನೂರು

ಮಾರ್ಚ್ ೩, ಸೋಮವಾರ

ಈ ಬೆಳಿಗ್ಗೆ ಹೊಸ ತಂಡವನ್ನು ನನ್ನ ಸುಪರ್ದಿಗೆ ಒಪ್ಪಿಸಿದರು: ಆರು ಜನ, ಆರು ಹೊಸ ನೋಟುಪುಸ್ತಕ, ನಡೆದರೆ ಕಿರ್ರೆನ್ನುವ ಆರು ಜೊತೆ ಬೂಟು. ಮೂವತ್ತೊಂದು ವರ್ಷ ಈ ವಿಮಾನ ನಿಲ್ದಾಣದ ಅನ್ನ ಉಂಡು, ಅದರಲ್ಲಿ ಹತ್ತು ವರ್ಷವನ್ನು ವಿಚಾರಣೆ ಕೌಂಟರಿಗೆ ಬರುವ ಯುವಕ ಯುವತಿಯರನ್ನು ತಿದ್ದಿ ತೀಡುವುದರಲ್ಲೇ ಕಳೆದ ನನಗೆ, ತರಬೇತಿಯ ಮೊದಲ ದಿನವೆಂದರೆ ಇಂದಿಗೂ ಎದೆ ಹಗುರಾಗುವ ದಿನ. ಏಳು ವಾರಗಳ ಕೊನೆಗೆ ಇವರಲ್ಲಿ ನಾಲ್ವರಿಗೆ ಮಾತ್ರ ಕಾಯಂ ನೌಕರಿ. ಆರೂ ಜನರನ್ನು ಉಳಿಸಿಕೊಳ್ಳಬೇಕೆಂಬ ದುರಾಸೆ ನನಗೆ ಪ್ರತಿ ಸಲವೂ ಹುಟ್ಟುತ್ತದೆ. ಈ ಸಲ ಮೊದಲ ದಿನವೇ ಹುಟ್ಟಿದೆ.

ಮೊದಲ ಪಾಠ, ಎಂದಿನಂತೆ, ನಮ್ಮ ನಿಲ್ದಾಣದ ಪರಿಚಯ. ನಮ್ಮದು ಪ್ರಾದೇಶಿಕ ನಿಲ್ದಾಣವಾದರೂ ರಾಜಧಾನಿಯ ಹೆಸರನ್ನೇ ಹೊತ್ತಿದೆ. ರಾಜಧಾನಿಯನ್ನು ಮಾತ್ರ ಹತ್ತಿರಕ್ಕೆ ತರಲಾಗಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ ‘ನಗರಕ್ಕೆ ನಲವತ್ತು ನಿಮಿಷ’ ಎಂದಿದೆ.

ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. “ನಾನು ಬಸ್ಸಲ್ಲಿ ಬಂದೆ ಸರ್. ಒಂದು ಗಂಟೆ ನಲವತ್ತೆಂಟು ನಿಮಿಷ ಆಯ್ತು.”

“ನಲವತ್ತು ನಿಮಿಷ ಅನ್ನೋದು ರಸ್ತೆ ಖಾಲಿ ಇದ್ದಾಗಿನ ಲೆಕ್ಕ ಕಣಮ್ಮ.”

“ಯಾವಾಗ ಖಾಲಿ ಇತ್ತು ಸರ್?”

“ಉದ್ಘಾಟನೆಯ ದಿನ. ಮಂತ್ರಿಗಳ ಕಾರಿಗೋಸ್ಕರ ಬೇರೆಯವರನ್ನೆಲ್ಲ ತಡೆದಿದ್ರು.”

ತಂಡವೆಲ್ಲ ನಕ್ಕಿತು. ಅವಳು ನಗದೆ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಊಟದ ಹೊತ್ತಿಗೆ ಅವಳಿಗೆ ‘ಗಡಿಯಾರ’ ಎಂಬ ಹೆಸರು ಬಿದ್ದಿತ್ತು. ಸದಾ ಮೂವತ್ತೆರಡೂ ಹಲ್ಲು ಪ್ರದರ್ಶಿಸುವ ಇನ್ನೊಬ್ಬನಿಗೆ ‘ಹಲ್ಲುಪುಡಿ’. ಅಡ್ಡಹೆಸರುಗಳನ್ನು ನಾನು ಒಪ್ಪುವವನಲ್ಲ ಎಂದು ತಿಳಿಹೇಳಿದೆ. ಆದರೂ ಇಲ್ಲಿ ಬರೆಯುವಾಗ ಅನುಕೂಲ.

ಮಾರ್ಚ್ ೬, ಗುರುವಾರ

ಯಂತ್ರಗಳು ಬಂದಿವೆ. ಸೊಂಟದೆತ್ತರದ ಕಂಬ, ತುದಿಯಲ್ಲಿ ಮೂರು ಗುಂಡಿ: ನಗುವ ಹಸಿರು ಮುಖ, ಏನೂ ಹೇಳದ ಹಳದಿ ಮುಖ, ಬಾಯಿ ಕೆಳಗೆ ಮಾಡಿದ ಕೆಂಪು ಮುಖ. ‘ಇಂದು ನಮ್ಮ ಸೇವೆ ಹೇಗಿತ್ತು?’ ಎಂದು ಮೇಲೆ ಬರೆದಿದೆ. ಕೌಂಟರುಗಳ ಬಳಿ, ಶೌಚಾಲಯಗಳ ಬಳಿ, ಒಟ್ಟು ಇಪ್ಪತ್ತು.

ನಮ್ಮ ವ್ಯವಸ್ಥಾಪಕರು ಸಭೆ ಕರೆದಿದ್ದರು. ಇವರ ಅಂಗಿಯಲ್ಲಿ ಇಂದಿನವರೆಗೆ ಒಂದು ಸುಕ್ಕನ್ನು ಕಂಡವರಿಲ್ಲವಾದ್ದರಿಂದ ಸಿಬ್ಬಂದಿ ಇವರನ್ನು ಇಸ್ತ್ರಿ ಸಾಹೇಬರು ಎನ್ನುತ್ತಾರೆ. ದೇಶದ ಶ್ರೇಷ್ಠ ಪ್ರಾದೇಶಿಕ ನಿಲ್ದಾಣದ ಪ್ರಶಸ್ತಿಗೆ ನಾವು ಸ್ಪರ್ಧಿಸುತ್ತಿದ್ದೇವಂತೆ. ಮಾರ್ಚ್ ಕೊನೆಗೆ ನೂರಕ್ಕೆ ತೊಂಬತ್ತು ಹಸಿರು ಬೇಕು. ತರಬೇತಿಯವರ ಅಂತಿಮ ಅಂಕಗಳಲ್ಲಿ ಅರ್ಧ ಅವರವರ ಕೌಂಟರಿನ ಹಸಿರಿಗೆ.

“ನಗು ನಮ್ಮ ಉತ್ಪನ್ನ,” ಎಂದರು ಸಾಹೇಬರು, ನಗದೆ.

ಹಿಂದಿರುಗಿ ತಂಡಕ್ಕೆ ನನ್ನ ಮಾತಿನಲ್ಲಿ ವಿವರಿಸಿದೆ: ಪ್ರಯಾಣಿಕರ ನಗುವನ್ನು ನಾವು ಸಂಪಾದಿಸಬೇಕು, ಕಸಿದುಕೊಳ್ಳಬಾರದು, ನಿಜ ಹೇಳಿ, ನಯವಾಗಿ ಹೇಳಿ, ಹಸಿರು ತಾನಾಗಿ ಬರುತ್ತದೆ. ಗಡಿಯಾರ ಅದನ್ನೂ ಬರೆದುಕೊಂಡಳು. ಅಷ್ಟು ಮನಸ್ಸಿಟ್ಟು ಕೇಳುವ ಮಕ್ಕಳು ಸಿಕ್ಕರೆ ಗುರುವಿಗೆ ಇನ್ನೇನು ಬೇಕು?

ಮಾರ್ಚ್ ೧೧, ಮಂಗಳವಾರ

ಮೊದಲ ಲೆಕ್ಕ ಬಂತು. ಹಲ್ಲುಪುಡಿಯ ಕೌಂಟರು: ಹಸಿರು ಎಂಬತ್ತೆಂಟು. ಗಡಿಯಾರದ್ದು: ಮೂವತ್ತೊಂದು.

ನಂಬಲಾಗದೆ ಅವಳ ಹಿಂದೆ ಒಂದು ಗಂಟೆ ನಿಂತೆ. ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು, ವಿಮಾನ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿದಳು. “ಮೂರು ಗಂಟೆಗೆ ಮುಂಚೆ ಹೊರಡಲ್ಲ ಅಕ್ಕ. ಅದು ಇನ್ನೂ ಬೇರೆ ಊರಲ್ಲೇ ಇದೆ. ಕೆಳಗೆ ಸೆಕೆ ಜಾಸ್ತಿ, ಮೇಲಿನ ಮಹಡಿಗೆ ಹೋಗಿ. ಅಲ್ಲಿ ಮಗುಗೆ ಮಲಗೋಕೆ ಉದ್ದನೆ ಬೆಂಚಿದೆ.” ತಾಯಿ ಮನಸಾರೆ ಕೃತಜ್ಞತೆ ಹೇಳಿ, ಹೋಗುತ್ತಾ ಕೆಂಪು ಗುಂಡಿಯನ್ನು ಗುದ್ದಿಯೇ ಹೋದಳು. ಸಿಟ್ಟು ವಿಮಾನದ ಮೇಲೆ, ಗುಂಡಿ ಗಡಿಯಾರದ್ದು.

ಪಕ್ಕದಲ್ಲಿ ಹಲ್ಲುಪುಡಿ ಅದೇ ವಿಮಾನದವರಿಗೆಲ್ಲ “ಇನ್ನೇನು ಬಂದೇಬಿಡ್ತು!” ಎನ್ನುತ್ತಿದ್ದ. ಅವರು ಹಸಿರು ಒತ್ತಿ, ನಗುನಗುತ್ತಾ ಸೆಕೆಯಲ್ಲಿ ಕುಳಿತು ಕಾಯುತ್ತಿದ್ದರು. ನಿಜ ಗೊತ್ತಾಗುವ ಹೊತ್ತಿಗೆ ಅವರ ಕೈಗೆಟಕುವಲ್ಲಿ ಯಾವ ಯಂತ್ರವೂ ಇರುವುದಿಲ್ಲ.

ಅವಳನ್ನು ಪಕ್ಕಕ್ಕೆ ಕರೆದು, ನಿಜವನ್ನು ಕಂತುಗಳಲ್ಲಿ ಹೇಳುವುದೂ ಒಂದು ಕಲೆ ಎಂದೆ.

“ಮೊದಲನೇ ಕಂತು ಎಷ್ಟು ಸರ್?”

ಈ ಹುಡುಗಿಗೆ ನೌಕರಿ ಸಿಗಲೇಬೇಕು. ಇಂಥವಳೊಬ್ಬಳನ್ನು ಹತ್ತು ವರ್ಷಗಳಲ್ಲಿ ಕಂಡಿಲ್ಲ. ಇಲ್ಲಿ ಆಗದಿದ್ದರೆ ಅವಳು ಅಕ್ಕ ಭಾವನ ಮನೆಗೆ ಹಿಂದಿರುಗಬೇಕಂತೆ. ಅಲ್ಲಿ ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವಿನ ಜಾಗ ಅವಳದು. ಭಾವ ಕೆಟ್ಟವನಲ್ಲ, ಆದರೆ ದಿನಕ್ಕೊಮ್ಮೆ “ಇನ್ನೆಷ್ಟು ದಿನ?” ಎಂದು ಕೇಳುತ್ತಾನೆ. “ಆ ಒಂದು ಪ್ರಶ್ನೆಗೆ ಮಾತ್ರ ನನ್ನ ಹತ್ರ ಕರೆಕ್ಟ್ ಟೈಮ್ ಇಲ್ಲ ಸರ್,” ಎಂದು ನಕ್ಕಳು.

ಮಾರ್ಚ್ ೧೪, ಶುಕ್ರವಾರ

ತಪ್ಪು ಹುಡುಗಿಯದಲ್ಲ, ಯಂತ್ರದ ಸ್ಥಾನದ್ದು ಎಂದು ದೀರ್ಘ ಆಲೋಚನೆಯ ನಂತರ ಮನಗಂಡೆ. ಕೌಂಟರಿನಿಂದ ಹೊರಟವರು ಸಾಲು ಸಾಲಾಗಿ ಕಾಯುವವರನ್ನು ದಾಟಿ ಯಂತ್ರ ತಲುಪುವಷ್ಟರಲ್ಲಿ ಮುಖ ಕೆಂಪಾಗಿರುತ್ತದೆ. ಅವಳ ಯಂತ್ರವನ್ನು ಸಾಲಿಗಿಂತ ಮುಂಚಿನ ಜಾಗಕ್ಕೆ, ತಂಪುಗಾಳಿ ಬೀಸುವ ಕಿಂಡಿಯ ಕೆಳಗೆ ಸರಿಸಿದೆ. ಸಾಹೇಬರು ಇದನ್ನು ‘ವೈಜ್ಞಾನಿಕ ಮರುವಿನ್ಯಾಸ’ ಎಂದು ಹೊಗಳಿ, ಇಪ್ಪತ್ತನ್ನೂ ಹೀಗೆಯೇ ಪರಿಶೀಲಿಸಲು ನನಗೇ ಹೇಳಿದರು. ಪೂರ್ವದ ಶೌಚಾಲಯದ ಯಂತ್ರವನ್ನು ಬಾಗಿಲಿಂದ ಮೂವತ್ತು ಹೆಜ್ಜೆ ದೂರಕ್ಕೆ, ಓಣಿಯ ತಿರುವಿನಾಚೆ ತಂದೆ. ವಾಸನೆ ಅಲ್ಲಿಯವರೆಗೆ ಬರುವುದಿಲ್ಲ.

ಮನೆಯಲ್ಲಿ ಈ ಸಾಧನೆಯನ್ನು ಸವಿಸ್ತಾರವಾಗಿ ವಿವರಿಸಿದೆ. ನನ್ನಾಕೆ ತಟ್ಟೆ ಒರೆಸುತ್ತಾ ಕೇಳಿಸಿಕೊಂಡಳು. “ನಮ್ಮನೇಲೂ ಒಂದು ತಂದಿಡಿ. ಎಲ್ಲಿ ಬೇಕಾದ್ರೂ ಇಡಿ, ನಾನು ಹುಡುಕಿಕೊಂಡು ಹೋಗಿ ಒತ್ತುತೀನಿ.”

ಯಾವ ಬಣ್ಣದ್ದೆಂದು ಕೇಳುವ ಧೈರ್ಯ ಮಾಡಲಿಲ್ಲ.

ಮಾರ್ಚ್ ೧೭, ಸೋಮವಾರ

ಮಕ್ಕಳಿಗೆ ಹಸಿರು ಗುಂಡಿ ಒತ್ತುವುದೆಂದರೆ ಪ್ರಾಣ. ಒಬ್ಬ ಪೋರ ನಿಂತಲ್ಲೇ ನಲವತ್ತು ಸಲ ಒತ್ತಿದ. ಮಕ್ಕಳೂ ಪ್ರಯಾಣಿಕರೇ ಅಲ್ಲವೆ? ಅವರ ಅಭಿಪ್ರಾಯವನ್ನು ಅಲ್ಲಗಳೆಯಲು ನಾವು ಯಾರು? ಗಡಿಯಾರದ ಯಂತ್ರದ ಪಕ್ಕ ಒಂದು ಮೆಟ್ಟಿಲುಮಣೆ ಇರಿಸಿದೆ.

ಅವಳ ಹಸಿರು ಐವತ್ತೆರಡಕ್ಕೇರಿತು.

ಮಾರ್ಚ್ ೨೦, ಗುರುವಾರ

ಗುಂಡಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಇಂದು ನಾನೇ ಒಮ್ಮೆ ಒತ್ತಿದೆ. ಮಾಡುತ್ತಿದೆ. ಪರೀಕ್ಷೆ ಎಂದ ಮೇಲೆ ಒಂದೇ ಸಲ ಸಾಲದಾದ್ದರಿಂದ ಇನ್ನೂ ಕೆಲವು ಬಾರಿ ಒತ್ತಿದೆ. ಕೆಂಪನ್ನು ಪರೀಕ್ಷಿಸುವ ಅಗತ್ಯ ಕಾಣಲಿಲ್ಲ. ಅದು ಕೆಲಸ ಮಾಡುತ್ತಿರುವುದು ಎಲ್ಲರಿಗೂ ಗೊತ್ತಿದೆ.

ಮಾರ್ಚ್ ೨೬, ಬುಧವಾರ

ನಿಲ್ದಾಣದ ಒಟ್ಟು ಹಸಿರು ಎಂಬತ್ತಮೂರು. ಉಳಿದಿರುವುದು ಐದೇ ದಿನ. ಸಾಹೇಬರು ಕರೆದು, ತೊಂಬತ್ತು ಆಗದಿದ್ದರೆ ಈ ತಂಡದಲ್ಲಿ ಯಾರಿಗೂ ಕಾಯಂ ಇಲ್ಲ ಎಂದು ಮೇಲಿನಿಂದ ಸೂಚನೆ ಬಂದಿದೆಯೆಂದರು. ಮೇಲಿನವರೆಂದರೆ ಯಾರೆಂದು ಕೇಳಬಾರದು. ಮೇಲೆ ಛಾವಣಿ ಇದೆ.

ಆರು ಮಕ್ಕಳ ಭವಿಷ್ಯ! ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ, ಗುಟ್ಟಾಗಿ ಕರೆದು, ವಿರಾಮದ ವೇಳೆಯಲ್ಲಿ ಪೂರ್ವದ ಓಣಿಯ ಯಂತ್ರದ ಬಳಿ ನಿಂತು ‘ಅಭ್ಯಾಸ’ ಮಾಡುವಂತೆ ಸೂಚಿಸಿದೆ. ಅಲ್ಲಿ ಜನಸಂಚಾರವಿಲ್ಲ; ಯಾಕಿಲ್ಲವೆಂದು ಆಲೋಚಿಸಲು ವ್ಯವಧಾನವಿರಲಿಲ್ಲ. ಐವರು ತಲೆಯಾಡಿಸಿದರು. ಗಡಿಯಾರ ಮಾತ್ರ ನಿಂತೇ ಇದ್ದಳು.

“ಬೇಡ ಸರ್.”

“ನಿನಗೋಸ್ಕರ ಅಲ್ಲಮ್ಮ, ಎಲ್ಲರಿಗೋಸ್ಕರ.”

“ಎಲ್ಲರಿಗೂ ಬೇಡ ಸರ್.”

“ನನ್ನ ಮೇಲೆ ನಂಬಿಕೆ ಇಲ್ವಾ?”

ಈ ಮಾತು ಕೆಲಸ ಮಾಡಿತು. ಹೋದಳು. ವಿಶ್ವಾಸವೇ ಶಿಕ್ಷಣದ ಅಡಿಪಾಯವೆಂದು ನಾನು ಸದಾ ಹೇಳುತ್ತಾ ಬಂದಿದ್ದೇನೆ.

ಏಪ್ರಿಲ್ ೨, ಬುಧವಾರ

ತೊಂಬತ್ತೊಂದು! ಸಾಹೇಬರು ಎಲ್ಲರಿಗೂ ಸಿಹಿ ಹಂಚಿಸಿದರು. ದೊಡ್ಡ ಪರದೆಯ ಮೇಲೆ ಇಪ್ಪತ್ತು ಯಂತ್ರಗಳ ಫಲಿತಾಂಶವನ್ನು ಬೆಳಗಿಸಿದರು. ಎಲ್ಲಕ್ಕಿಂತ ಮೇಲೆ ಪೂರ್ವದ ಶೌಚಾಲಯ: ಆರು ದಿನಗಳಲ್ಲಿ ನಾಲ್ಕು ಸಾವಿರದ ನೂರ ಹನ್ನೆರಡು ಪ್ರಯಾಣಿಕರು, ನೂರಕ್ಕೆ ನೂರು ಹಸಿರು. ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ, ಶೌಚಾಲಯಗಳ ಉಸ್ತುವಾರಿ ನೋಡುವ, ನಾವೆಲ್ಲ ಅಕ್ಕ ಎಂದು ಕರೆಯುವ ಹೆಂಗಸು ಬಾಯಲ್ಲಿದ್ದ ಸಿಹಿ ನುಂಗಿ ಕೇಳಿದಳು: “ಯಾವುದು, ಪೂರ್ವದ್ದಾ? ಅದಕ್ಕೆ ಪೈಪು ಒಡೆದು ಬೀಗ ಹಾಕಿ ಹದಿನೈದು ದಿನ ಆಯ್ತಲ್ಲಾ!”

ಸೊಂಟದಲ್ಲಿದ್ದ ಕೀಲಿಗೊಂಚಲನ್ನು ಝಣ್ಣೆನಿಸಿದಳು.

“ಕೀಲಿ ನನ್ನ ಸೊಂಟದಲ್ಲೇ ಇದೆ. ನಾನೇ ಒಳಗೆ ಹೋಗಿಲ್ಲ. ನಾಲ್ಕು ಸಾವಿರ ಜನ ಅದ್ಯಾವ ಸಂದಿಯಲ್ಲಿ ಹೋಗಿ ಬಂದು ನಕ್ಕರಪ್ಪಾ?”

ಸಾಹೇಬರ ಅಂಗಿಯ ತೋಳಿನ ಮೇಲೆ ಇಂದು ಮೊದಲ ಬಾರಿಗೆ ಒಂದು ಸುಕ್ಕು ಕಂಡೆ.

ಏಪ್ರಿಲ್ ೪, ಶುಕ್ರವಾರ

ಪ್ರಶಸ್ತಿ ಸಮಿತಿಗೂ ಸಂಶಯ ಬಂದು ರಾಜಧಾನಿಯಿಂದ ವಿಚಾರಣಾಧಿಕಾರಿಯೊಬ್ಬರನ್ನು ಕಳುಹಿಸಿದೆ. ನಮ್ಮ ‘ನಲವತ್ತು ನಿಮಿಷ’ದ ಪ್ರಚಾರವನ್ನು ನಂಬಿ ಅಷ್ಟೇ ಮುಂಚೆ ಹೊರಟ ಅವರು ಒಂದು ಗಂಟೆಗೂ ಹೆಚ್ಚು ತಡವಾಗಿ, ಬಸ್ಸಿನಲ್ಲಿ ನಿಂತು ಬಂದ ಮುಖ ಹೊತ್ತು ಇಳಿದರು. ಒಬ್ಬೊಬ್ಬರನ್ನೇ ಒಳಗೆ ಕರೆದರು. ಐವರು ‘ಗೊತ್ತಿಲ್ಲ’ ಎಂದರು. ಗಡಿಯಾರ ಏನೆಂದಳೆಂದು ಅಧಿಕಾರಿಗಳೇ ನನಗೆ ಓದಿ ಹೇಳಿದರು: “ಒತ್ತಿದ್ದು ನಾವು. ನಾನು ಏಳುನೂರ ಆರು ಸಲ. ಒತ್ತೋಕೆ ಹೇಳಿದ್ದು ನಮ್ಮ ಸರ್.”

ಏಳುನೂರ ಆರು! ಅದನ್ನೂ ಎಣಿಸಿ ಬರೆದಿಟ್ಟಿದ್ದಾಳೆ.

ನನಗೆ ನೋವಾಯಿತೆಂದು ಇಲ್ಲಿ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆ ಹುಡುಗಿಗಾಗಿ ಯಂತ್ರ ಸರಿಸಿದವನು ನಾನು, ಮಣೆ ಇಟ್ಟವನು ನಾನು. ಗುರುವಿನ ಹೆಸರನ್ನು ಹೀಗೆ ಮೂರನೆಯವರ ಮುಂದೆ ತೆಗೆಯುವ ಮುನ್ನ ಒಂದು ಮಾತು ನನ್ನನ್ನೇ ಕೇಳಬಹುದಿತ್ತು. ಕೇಳಿದ್ದರೆ ಏನು ಹೇಳುತ್ತಿದ್ದೆನೆಂದು ಈಗ ಆಲೋಚಿಸುತ್ತಾ ಕುಳಿತಿದ್ದೇನೆ.

ಏಪ್ರಿಲ್ ೭, ಸೋಮವಾರ

ಪರಿಹಾರ ದೊರೆಯಿತು. ಪ್ರಶಸ್ತಿ ಸಮಿತಿಗೂ ಗದ್ದಲ ಬೇಡ, ನಮಗೂ ಬೇಡ. ಆದ್ದರಿಂದ ಸಾಹೇಬರೂ ಅಧಿಕಾರಿಗಳೂ ಒಟ್ಟಾಗಿ ಒಂದು ಹೇಳಿಕೆಯನ್ನು ಸಿದ್ಧಪಡಿಸಿದ್ದಾರೆ: ಒಡೆದ ಪೈಪಿನ ತೇವ ಗೋಡೆಯೊಳಗೆ ಹರಿದು, ಹಸಿರು ಗುಂಡಿ ತನ್ನಷ್ಟಕ್ಕೆ ತಾನೇ ಒತ್ತಿಕೊಂಡಿತು. ಕೆಂಪು ಗುಂಡಿಗೆ ತೇವ ತಗುಲದಿರಲು ಕಾರಣವೇನೆಂದು ಯಾರೂ ಕೇಳಲಿಲ್ಲ. ವಿಜ್ಞಾನಕ್ಕೂ ಒಂದು ಮಿತಿಯಿದೆ. ನಾನು ಮತ್ತು ಆರೂ ಜನ ಸಹಿ ಹಾಕಿದರೆ ಕಡತ ಮುಚ್ಚುತ್ತದೆ. ಸಹಿ ಹಾಕದವರಿಗೆ ‘ತಂಡದ ಮನೋಭಾವ ಇಲ್ಲ’ ಎಂದು ಬರೆದು, ಕಾಯಂ ಪಟ್ಟಿಯಿಂದ ಬಿಡಲಾಗುತ್ತದೆ.

ನಾನು ಸಹಿ ಹಾಕಿದೆ. ಐವರು ಹಾಕಿದರು. ಅವಳು ಹಾಕಲಿಲ್ಲ.

“ನಿಮ್ಮ ಮಾತು ಕೇಳ್ತಾಳೆ,” ಎಂದರು ಸಾಹೇಬರು. “ಒಪ್ಪಿಸಿ. ಒಳ್ಳೇ ಹುಡುಗಿ. ಸುಮ್ಮನೆ ಕಳ್ಕೊಳ್ಳೋದು ಬೇಡ.”

ಈ ಮಾತನ್ನು ಅವರು ಸುಳ್ಳಾಗಿ ಆಡಲಿಲ್ಲವೆಂದು ನನಗನ್ನಿಸಿತು. ಅದು ಇನ್ನೂ ಕಷ್ಟ.

ಏಪ್ರಿಲ್ ೯, ಬುಧವಾರ

ಊಟದ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬಳೇ ಕುಳಿತಿದ್ದಳು. ಹೇಳಿಕೆಯ ಹಾಳೆಯನ್ನೂ ನನ್ನ ಪೆನ್ನನ್ನೂ ಅವಳ ಮುಂದಿಟ್ಟು, ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನು ಆರಂಭಿಸಿದೆ: ಬದುಕು ದೀರ್ಘವಾದದ್ದು, ಸಹಿ ಚಿಕ್ಕದು, ಒಳಗಿದ್ದುಕೊಂಡೇ ಬದಲಾವಣೆ ತರಬೇಕು, ನಾಳೆ ನೀನೇ ಈ ಕೌಂಟರಿನ ಮುಖ್ಯಸ್ಥೆಯಾಗಿ—

“ಸರ್, ತೇವದಿಂದ ಗುಂಡಿ ಒತ್ತಿಕೊಳ್ಳುತ್ತಾ?”

“ಇಲ್ಲ.”

“ನೀವು ಸಹಿ ಹಾಕಿದ್ರಾ?”

“ಹಾಕಿದೆ.”

“ಯಾಕೆ ಸರ್?”

“ನಿಮ್ಮೆಲ್ಲರ ಭವಿಷ್ಯಕ್ಕೆ.”

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಕೋಪವಿರಲಿಲ್ಲ, ದಾರಿ ತಪ್ಪಿದ ಪ್ರಯಾಣಿಕರಿಗೆ ಹೇಳುವ ಹಾಗೆ ಹೇಳಿದಳು. “ನನ್ನ ಭವಿಷ್ಯದಲ್ಲಿ ದಿನಾ ಸಾವಿರ ಜನ ಬಂದು ‘ಎಷ್ಟು ಹೊತ್ತಾಗುತ್ತೆ’ ಅಂತ ಕೇಳ್ತಾರೆ ಸರ್. ಇದಕ್ಕೆ ಸಹಿ ಹಾಕಿ ಅಲ್ಲಿ ಕೂತ್ಕೊಂಡ್ರೆ, ನಾನೇನು ಹೇಳಿದ್ರೂ ನನಗೇ ನಂಬಿಕೆ ಬರಲ್ಲ.”

“ಭಾವನ ಮನೆಗೆ ಹೋಗಬೇಕಾಗುತ್ತಲ್ಲಮ್ಮ.”

“ಗೊತ್ತು.” ಪೆನ್ನನ್ನೂ ನನ್ನ ಕಡೆ ಸರಿಸಿದಳು. “ಅದನ್ನ ನೀವು ಹೇಳಬಾರದಿತ್ತು ಸರ್.”

ನಿಜ. ಹೇಳಬಾರದಿತ್ತು.

ಏಪ್ರಿಲ್ ೧೧, ಶುಕ್ರವಾರ

ನನ್ನ ಸಹಿಯನ್ನು ಹಿಂದೆ ಪಡೆಯಲು ಕಚೇರಿಗೆ ಹೋದೆ. ಗುಮಾಸ್ತ ಕಡತದಿಂದ ತಲೆ ಎತ್ತಲಿಲ್ಲ. “ಮೂಲಪ್ರತಿ ರಾಜಧಾನಿಗೆ ಹೋಯ್ತು. ಹೋದದ್ದು ವಾಪಸ್ ಬರಲ್ಲ. ಬೇಕಾದ್ರೆ ಒಂದು ಲಗತ್ತು ಕೊಡಿ, ಸೇರಿಸಿ ಕಳಿಸ್ತೀನಿ.”

“ಓದುತ್ತಾರಾ?”

“ಲಗತ್ತನ್ನಾ?” ಈಗ ತಲೆ ಎತ್ತಿದ.

ಬರೆದೆ. ಮೂರು ಪುಟವಾಯಿತು. ಸಾಕ್ಷಿಯ ಸಹಿ ಬೇಕೆಂದರು. ಗಡಿಯಾರವನ್ನು ಕೇಳಿದೆ. ಅವಳು ಓದಿ, ಪೆನ್ನಿನ ತುದಿಯಲ್ಲಿ ಒಂದು ವಾಕ್ಯ ತೋರಿಸಿದಳು: ‘ಯುವಪೀಳಿಗೆಯ ಹಿತದೃಷ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು.’

“ಇದು ಬೇಡ ಸರ್.”

ಹೊಡೆದುಹಾಕಿದೆ. ಆಮೇಲೆ ಅದಕ್ಕೆ ಅಂಟಿಕೊಂಡಿದ್ದ ಇನ್ನೊಂದು ವಾಕ್ಯ. ಆಮೇಲೆ ಇನ್ನೊಂದು. ಕೊನೆಗೆ ಉಳಿದದ್ದು ಇಷ್ಟು: ‘ಗುಂಡಿ ಒತ್ತಲು ಹೇಳಿದವನು ನಾನು. ಅವರು ಒತ್ತಿದರು. ಈ ಹುಡುಗಿ ಮೊದಲು ಬೇಡವೆಂದಳು. ನಾನು ಬಲವಂತ ಮಾಡಿದೆ. ಹೇಳಿಕೆಗೆ ನಾನು ಹಾಕಿದ ಸಹಿ ಸುಳ್ಳು.’

ಅವಳು ಸಾಕ್ಷಿಯಾಗಿ ಸಹಿ ಹಾಕಿದಳು.

ಏಪ್ರಿಲ್ ೧೮, ಶುಕ್ರವಾರ

ಪಟ್ಟಿ ಬಂತು. ನಾಲ್ಕು ಹೆಸರು. ಮೊದಲನೆಯದು ಹಲ್ಲುಪುಡಿಯದು. ಅವಳದಿಲ್ಲ.

ನನ್ನ ಲಗತ್ತಿಗೆ ‘ಏಳು’ ಎಂಬ ಸಂಖ್ಯೆ ಕೊಟ್ಟು ಕಡತದ ಕೊನೆಯಲ್ಲಿ ಹೊಲಿದಿದ್ದಾರೆ. ಯಾರೂ ಕರೆಯಲಿಲ್ಲ, ಬೈಯಲಿಲ್ಲ. ಪ್ರಶಸ್ತಿ ನಮಗೇ ಬಂದಿದೆ. ಸ್ವಚ್ಛತೆಗೆ ವಿಶೇಷ ಪ್ರಶಂಸೆಯೂ ಇದೆ. ಪೂರ್ವದ ಶೌಚಾಲಯದ ಒಳಗೆ ಸಮಿತಿಯವರಿಗೆ ಒಂದು ಹೆಜ್ಜೆಯ ಗುರುತೂ ಕಾಣಲಿಲ್ಲವಂತೆ. “ಹೇಗೆ ಕಾಣುತ್ತೆ!” ಎಂದಳು ಕೀಲಿಯ ಅಕ್ಕ. ಸಾಹೇಬರಿಗೆ ಬಡ್ತಿ. ತಪ್ಪೊಪ್ಪಿಕೊಂಡ ನನಗೆ ಹೊಸ ತಂಡ. ಮೊದಲೇ ಬೇಡವೆಂದ ಅವಳಿಗೆ ಬಾಗಿಲು.

ಬಾಗಿಲವರೆಗೆ ಜೊತೆಗೆ ಹೋದೆ. ಬೇರೆ ಕಡೆಗೆಲ್ಲ ಶಿಫಾರಸು ಪತ್ರ ಬರೆದುಕೊಡುತ್ತೇನೆಂದೆ.

“ಚಿಕ್ಕದಾಗಿ ಬರೀರಿ ಸರ್.”

“ಲಗತ್ತು ಯಾರೂ ಓದಲಿಲ್ಲ ಕಣಮ್ಮ.”

“ನಾನು ಓದಿದೀನಲ್ಲ.” ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. “ಒಂದು ವಾರ ಮುಂಚೆ ಬರೆದಿದ್ರೆ ಅವರೂ ಓದ್ತಿದ್ರು.”

ಅಂದರೆ ಏಪ್ರಿಲ್ ನಾಲ್ಕರಂದು. ಅಧಿಕಾರಿ ನನ್ನೆದುರಿಗೇ ಕುಳಿತು, ನನ್ನ ಮುಖವನ್ನೇ ನೋಡುತ್ತಿದ್ದ ದಿನ. ಅವಳ ಲೆಕ್ಕ ಎಂದೂ ತಪ್ಪುವುದಿಲ್ಲ.

ಏಪ್ರಿಲ್ ೨೮, ಸೋಮವಾರ

ಹೊಸ ತಂಡ. ಒಂಬತ್ತು ಜನ. ಪಾಠದ ಶೀರ್ಷಿಕೆಯನ್ನು ಕಚೇರಿಯವರೇ ಅಚ್ಚು ಮಾಡಿಸಿ ಕೊಟ್ಟಿದ್ದರು: ‘ನಗುವಿನ ವೈಜ್ಞಾನಿಕ ನಿರ್ವಹಣೆ’. ಅದನ್ನು ಮಗುಚಿಟ್ಟು, ಮಾರ್ಚ್ ಮೂರರಿಂದ ನಡೆದದ್ದನ್ನು ಹೇಳಿದೆ. ಮಣೆಯನ್ನೂ ಬಿಡಲಿಲ್ಲ. ಊಟದ ಕೋಣೆಯಲ್ಲಿ ಭಾವನ ಮನೆಯ ಮಾತೆತ್ತಿದ್ದನ್ನೂ ಬಿಡಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು.

ಬೀಗದ ವಿಷಯ ಬಂದಾಗ ಎಲ್ಲರೂ ನಕ್ಕರು. ಆಮೇಲೆ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಸರ್, ಇದು ಪರೀಕ್ಷೆಗೆ ಬರುತ್ತಾ?”

“ಬರುತ್ತೆ,” ಎಂದೆ.

ಎಲ್ಲರೂ ಪೆನ್ನು ತೆಗೆದರು. ಗೋಡೆ ಪಕ್ಕದ ಹುಡುಗಿ ಮಾತ್ರ ತೆಗೆಯದೆ ನನ್ನನ್ನೇ ನೋಡುತ್ತಿದ್ದಳು.

“ನೀವು ಪಾಸಾದ್ರಾ ಸರ್?”

“ಇಲ್ಲ,” ಎಂದೆ.